ಚಿಲ್ಲರೆ

ಫಾಲ್ಸ್ ಸೀಲಿಂಗ್ ಹಾಕೂಕಿಂತ ಮೊದಲ
ವೈರ್ ಎಳೀಲಿಕ್ಕೆ ಏಣಿ ಹತ್ತಿದ್ದೆ.
ಸಾಗವಾನಿ ತೊಲಿಯೊಳಗ ಸಾಲಾಗಿ ಹಿತ್ತಾಳಿ ಕೊಕ್ಕಿ,
ಲೈಟಿಗಲ್ಲ, ಫ್ಯಾನಿಗಲ್ಲ.
'ಅದಾ? ರೊಕ್ಕ ಓಡಾಡತಿದ್ದ ತಂತೀದು' ಅಂದ್ರು
ಕೆಳಗ ಸ್ಟೂಲಿನ ಮ್ಯಾಲ ವಾಚಮನ್ ದಸ್ತಗೀರಸಾಬ್.
ಎಂಬತ್ತೆರಡು ವಯಸ್ಸು, ಐದನೇ ಮಾಲಕರ ಪಗಾರ.

ಬೆಳಗಾವಿ ಕ್ಯಾಂಪಿನ ಈ ಮೂಲಿಯೊಳಗ
ಸೊರಾಬ್ ಮಾದನ್ ಅಂಡ್ ಬ್ರದರ್ಸ್.
ಅಣ್ಣಿಲ್ಲ, ತಮ್ಮಿಲ್ಲ; ಬೋರ್ಡಿಗಷ್ಟ ಬ್ರದರ್ಸ್.
ಕೆಳಗ ಬೂಟು, ಬಿಸ್ಕೀಟು, ಕಾಡತೂಸು,
ಮ್ಯಾಲ ಉಣ್ಣಿ ಕೋಟು, ಮಡಮ್ಮಗಳ ಟೊಪ್ಪಿಗಿ,
ಮತ್ತ ಮೂರು ಮಡಿಕಿ ಕನ್ನಡಿ:
ಟಿಳಕವಾಡಿ ಮಾಸ್ತರೊಬ್ಬರು ಐತವಾರ ಬಂದು
ಏನೂ ಕೊಳ್ಳದ
ತಮ್ಮ ಬೆನ್ನು ತಾವ ನೋಡಿಕೊಂಡು ಹೋಗತಿದ್ರಂತ.

ನಡುವ ಅಟ್ಟದ ಗೂಡಿನಾಗ ಎಸ್ಪೆರಾನ್ಸಾ ಬಾಯಿ.
ಕೌಂಟರಿನ ಹುಡುಗ ದಾರ ಜಗ್ಗಿದ್ರ
ಕಟ್ಟಿಗಿ ಡಬ್ಬಿ ಸುಯ್ಯಂತ ಆಕಿ ಮಡಲಿಗೆ,
ಚಿಲ್ಲರೆ ಹೊತ್ತು ಸುಯ್ಯಂತ ವಾಪಸ್.
ಊರ ಮಂದಿ ರೊಕ್ಕೆಲ್ಲಾ ಎಣಿಸಿದಾಕಿ,
ಮಾರಿ ಕಂಡಾಕಿ ಅಲ್ಲ.
ಮ್ಯಾಲಿಂದ ನೆತ್ತಿ ಅಷ್ಟ ಗುರ್ತು:
ಪಟಗಾ, ಹ್ಯಾಟು, ಬೋಡು, ಅಬ್ಬಲಿಗಿ ದಂಡಿ.

ಬೋರ್ಡು ಮೊದಲ ಇಂಗ್ಲೀಷಿನಾಗಿತ್ತು,
ಆಮ್ಯಾಲ ಮರಾಠಿಯೊಳಗ,
ಒಂದ ರಾತ್ರಿ ಡಾಂಬರಿನಾಗ,
ಮರುದಿನ ಕನ್ನಡದಾಗ.
ಸೊರಾಬನ ಹೆಸರು
ಎಲ್ಲಾ ಲಿಪಿಯೊಳಗೂ ಪರದೇಶಿನ.

ಆತ ಹೋದಮ್ಯಾಲ ಸೊಸೈಟಿ ಬ್ಯಾಂಕು. ಮುಳುಗಿತು.
ಟೈಪಿಂಗ್ ಕ್ಲಾಸು. ವಿಸಿಆರ್ ಬಾಡಿಗಿ.
ಹದಿಮೂರು ವರ್ಷ ಬರೇ ಪಾರಿವಾಳ, ಕೋರ್ಟಿನ ಬೀಗ.
ಈಗ ಲೆಹಂಗಾ ಶೋರೂಮಂತ, ದಸರಾಕ್ಕ ಓಪನಿಂಗು.

ಗೂಡಿನ ಹಿಂದಿನ ಹಲಗಿ ಕಿತ್ತಾಗ
ಧೂಳಿನ ಕೂಡ ಒಂದು ಡಬ್ಬಿ ಉದುರಿತು.
ತಿರುವಿ ತೆಗದೆ:
ಕಾರ್ಬನ್ ಬಿಲ್ಲು, 'ಮಕ್ಕಳ ಕಾಲುಚೀಲ, ಜೋಡಿ ಒಂದು',
ಇಪ್ಪತ್ತೈದರದೊಂದು, ಹತ್ತರದೊಂದು, ಎರಡರದೊಂದು.
ಆಣೆ ಹೋಗಿ ಹೊಸಪೈಸೆ ಬಂದ ಕಾಲದ್ದು.

ದಸ್ತಗೀರಸಾಬ್ ಅಂಗೈ ಒಡ್ಡಿದ್ರು, ಬೆರಳು ಮಡಚಲಿಲ್ಲ.
'ನಾನ ಜಗ್ಗಿದ್ದು. ಹದಿನಾಲ್ಕು ನನಗ.
ಮೂರು ದಿನ ಹುಡುಕಿದ್ವಿ.
ಬಾಯಿ ಕಳಿಸೇನಿ ಅಂತಾಳ, ನಾ ಬಂದಿಲ್ಲ ಅಂತೀನಿ.
ಪಗಾರದಾಗ ಮುರಕೊಂಡ್ರು.
ಆ ಹೆಣ್ಣಮಗಳು ಕೂಸಿನ ಎತ್ತಿಕೊಂಡು
ಭಾಳೊತ್ತು ನಿಂತಿದ್ಲು.'

ಮತ್ತೇನೂ ಅನ್ನಲಿಲ್ಲ.
ವಾಚಮನ್ ರಜಿಸ್ಟರ್ ತಗದ್ರು, ಪೆನ್ನು ಜಾಡಿಸಿದ್ರು.
ಒಳಗ ಬಂದದ್ದು: ಮೂವತ್ತೇಳು ಪೈಸೆ.
ಯೇಳೆ: ಸಂಜಿ ಐದು ಹತ್ತು.
ಯಾರ ಕಡೆಯಿಂದ: ಬಾಯಿ.
ಹೊರಗ ಹೋದದ್ದು ಅನ್ನೂ ಖಾನೆ
ಖಾಲಿ ಬಿಟ್ಟು ನನ್ನ ಸಹಿ ಕೇಳಿದ್ರು.

ಸಹಿ ಮಾಡಿದೆ.
ಕೊಕ್ಕಿ ಕೀಳಲಿಲ್ಲ. ಕಿತ್ತರ ಕಂತ್ರಾಟದಾರನಿಗೆ ನಾನೂರು ರೂಪಾಯಿ ಹಿತ್ತಾಳಿ.
ಮರುದಿನ ಸೀಲಿಂಗ್ ಮುಚ್ಚಿದ್ವಿ.