ಬೈಟು

ಚಾಮರಾಜಪೇಟೆಯ ನೆಲಮಾಳಿಗೆ. ಮೊಟ್ಟೆಯ ಟ್ರೇ ಬಡಿದ ಗೋಡೆ.
ಗಾಜಿನಾಚೆ ಡೆನ್ಜಿಲ್ ಬೆರಳೆತ್ತುತ್ತಾನೆ.
ನಾನು ಆರುನೂರು ವರ್ಷದ ರಕ್ತಪಿಶಾಚಿ,
ಮುನಿಚಿನ್ನಪ್ಪ ತೋಳ.

ತೆರೆಯ ಮೇಲೆ ಕೋಟೆ, ಮಂಜು, ಬೆಳ್ಳಿಯ ಗುಂಡು.
ಆಕೆಯ ತುಟಿ ಮುಚ್ಚುವ ಮುನ್ನ ನನ್ನ ಮಾತು ಮುಗಿಯಬೇಕು.
'ನಿನ್ನ ಕುಲವನ್ನೇ ಅಳಿಸಿಬಿಡುತ್ತೇನೆ', ಉದ್ದವಾಯಿತು.
'ನಿರ್ವಂಶ ಆಗ್ತೀಯ', ಕೂತಿತು;
ಸೋದರತ್ತೆ ಬೀದಿನಲ್ಲಿಯ ಹತ್ತಿರ
ಕೊಡ ಕುಕ್ಕಿ ಬೈಯುತ್ತಿದ್ದ ಬೈಗುಳ.

ಯುದ್ಧ ಯಾಕೆ ಶುರುವಾಯಿತೆಂದು
ಚಿತ್ರದಲ್ಲಿ ಯಾರಿಗೂ ನೆನಪಿಲ್ಲ.
ಕೊನೆಗೆ ಹೇಳ್ತಾರಂತೆ, ಅಂದ ಡೆನ್ಜಿಲ್.
ಹೇಳಲಿಲ್ಲ.

ಮುನಿಚಿನ್ನಪ್ಪ ಹಗಲು ಬಸ್ಸಿನ ಕಂಡಕ್ಟರ್.
ಚಿಲ್ಲರೆ ಕೇಳಿ ಕೇಳಿ ಒಡೆದ ಗಂಟಲು
ತೋಳಕ್ಕೆ ಹೇಳಿ ಮಾಡಿಸಿದ್ದು.
ಇರುವುದೊಂದೇ ಮೈಕು. ನಾನು ಕಚ್ಚಿ ಪಕ್ಕಕ್ಕೆ ಸರಿದರೆ
ಅವನು ಬಂದು ಸಾಯುತ್ತಾನೆ.
ಸಾಯುವ ಸದ್ದಿಗೆ ಬೇರೆ ರೇಟಿಲ್ಲ.
ನಡುವೆ ಒಂದು ಕಾಫಿ, ಎರಡು ಲೋಟ,
ಅವನ ಮೀಸೆಗೆ ನೊರೆ.

ರಾತ್ರಿ ಎರಡಕ್ಕೆ ಹೊರಬಂದರೆ
ಶಟರಿನ ಬುಡದಲ್ಲಿ ಮಲಗಿದ್ದ ನಾಯಿಗಳೆಲ್ಲ ಎದ್ದು
ಅವನನ್ನೇ ನೋಡಿದವು.
ಮೆಲ್ಲಗೆ ಊಳಿಟ್ಟ, ತಮಾಷೆಗೆ.
ಒಂದು ತಿರುಗಿ ಊಳಿಟ್ಟಿತು, ಇನ್ನೊಂದು,
ಸಿರ್ಸಿ ಸರ್ಕಲ್ಲಿನ ತನಕ ಹಬ್ಬಿತು ಕೂಗು.
ಅವನು ನಗಲಿಲ್ಲ.
ನಾನು ದುಪಟ್ಟಾ ಕೊರಳಿಗೆ ಸುತ್ತಿಕೊಂಡೆ.

ಮನೆಯ ಬಾಗಿಲ ಮೇಲೆ
ಅಜ್ಜಿ ಎಂದೋ ಸುಣ್ಣದಲ್ಲಿ ಬರೆದ 'ನಾಳೆ ಬಾ'.
ಎಷ್ಟೋ ಸಲ ದಾಟಿದ್ದೇನೆ.
ಇವತ್ತು ಬೀಗದ ಕೈ ಹಿಡಿದು ನಿಂತೆ,
ಒಳಗಿನಿಂದ ಯಾರಾದರೂ ಕರೆಯಲಿ ಅಂತ.