ಹತ್ತರಲ್ಲಿ ಎಷ್ಟು

ಹತ್ತರಲ್ಲಿ ಎಷ್ಟು, ಎಂದು ಫೋನಿನಲ್ಲಿ ಡಾಕ್ಟರಮ್ಮ.
ನಾಲ್ಕು, ಅನ್ನುತ್ತಾರೆ ಪೊಡಿಯಬ್ಬಾಕ,
ದಿಂಬಿನ ಮೂಲೆಯನ್ನು ಹಲ್ಲಿನಿಂದ ಬಿಡಿಸಿಕೊಂಡು.

ಮೂವತ್ತೊಂದು ವರ್ಷ ಕುವೈತಿನ ಬಟ್ಟೆಯಂಗಡಿಯಲ್ಲಿ
ಮೂರು ದಿನಾರಿನ ತುಂಡಿಗೆ ಏಳು ಹೇಳಿ
ಮೆಲ್ಲಮೆಲ್ಲ ಇಳಿದು ಬಂದವರು
ಈ ಒಂದು ಸರಕಿಗೆ ಮಾತ್ರ
ಮೊದಲೇ ಕಡಿಮೆ ಕೂಗುತ್ತಾರೆ.

ಜಲೀಬಿನ ಸುತ್ತ ಬೇಲಿ ಬಿದ್ದು ಇಪ್ಪತ್ತಾರನೇ ದಿನ.
ಕೋಣೆಯಲ್ಲಿ ಆರು ಮಂಚ, ಎರಡು ಖಾಲಿ:
ಒಬ್ಬನನ್ನು ಯಾವುದೋ ಶಾಲೆಗೆ ಕೊಂಡೊಯ್ದರು,
ಇನ್ನೊಬ್ಬನ ಸುದ್ದಿಯಿಲ್ಲ.
ಕಿಟಕಿ ಬದಿಗೆ ನಾನು, ಮಾಸ್ಕು ಹೊಲಿಯುತ್ತ, ಡಜನಿಗೆ ಇಷ್ಟೆಂದು.
ಗೋಡೆ ಬದಿಗೆ ಅವರು,
ಸೊಂಟದ ಮೂಳೆಯೊಳಗೆ ಯಾರೋ
ಬಾಡಿಗೆ ಕೊಡದೆ ಕೂತಿದ್ದಾರೆ ಅನ್ನುತ್ತ.

ಎಡ ಹೆಗಲಿಗೆ ಮದ್ದಿನ ಪಟ್ಟಿ, ಅಂಚೆಚೀಟಿಯಷ್ಟು.
ಮೂರು ದಿನಕ್ಕೊಂದು.
ಹಳೆಯದನ್ನು ಅಂಟು ಒಳಗಾಗಿ ಮಡಚಬೇಕು,
ಹೊಸದನ್ನು ಅಂಗೈಯಿಂದ ಮೂವತ್ತು ಎಣಿಸುವವರೆಗೆ ಒತ್ತಬೇಕು.
ಕಾಲರು ಕೂರಿಸುವ ಕೈ ನನ್ನದು, ಸುಕ್ಕು ಬರಲಿಲ್ಲ.
ಬಿಸಿ ತಾಗಿದರೆ ಮದ್ದು ಒಮ್ಮೆಲೇ ಇಳಿದೀತು, ಜೋಕೆ, ಅಂದಿದ್ದರು.
ಮೇ ತಿಂಗಳ ಕುವೈತಿಗೆ ಅದನ್ನು ಹೇಳುವವರು ಯಾರು?
ಏಸಿ ಕೆಟ್ಟ ರಾತ್ರಿ ಒದ್ದೆ ಬಟ್ಟೆ ಹಿಡಿದು ಗಾಳಿ ಬೀಸಿದೆ,
ಅವರ ಉಸಿರು ಎಣಿಸಿದೆ.
ತಪ್ಪಿದಾಗ ಮೊದಲಿನಿಂದ.

ಇನ್ನೊಂದು ಕಷ್ಟ, ಹೇಳಲು ನಾಚಿಕೆ:
ಆ ಮದ್ದಿಗೆ ಐದು ದಿನ ಹೊಟ್ಟೆ ಹೋಗಲಿಲ್ಲ.
"ನೋವಾದರೆ ಪಡೆದವನಲ್ಲಿ ಕೇಳಬಹುದು,
ಇದನ್ನು ಕೇಳುವುದು ಹೇಗೆ ಮಾರಾಯ" ಎಂದು ನಕ್ಕು,
ನಕ್ಕದ್ದಕ್ಕೆ ನರಳಿದರು.
ಎದುರು ಕೋಣೆಯ ಮಿಸ್ರಿ
ಅಂಜೂರ ನೆನೆಸಿ ಬಾಗಿಲ ಬಳಿ ಇಟ್ಟು ಹೋದ.

ಮೊನ್ನೆ, ನೀನು ಮಲಗಿದ್ದೆ, ನಾನೇ ಅಂಟಿಸಿಕೊಂಡೆ, ಅಂದಿದ್ದರು.
ನಿನ್ನೆ ಒಗೆಯಲೆಂದು ಅಂಗಿ ತೆಗೆದರೆ
ಪಟ್ಟಿಯ ಮೇಲೆ ನನ್ನದೇ ಅಕ್ಷರದ ತಾರೀಕು, ಐದು ದಿನ ಹಳತು.
ಹೊಸದು ಎಲ್ಲಿ?
ಪಾಸ್‌ಪೋರ್ಟಿನೊಳಗೆ, ಮುದ್ರೆ ಬೀಳದ ಪುಟಗಳ ನಡುವೆ, ಎರಡು.

"ಊರಿಗೆ ವಿಮಾನ ಬಿಡುತ್ತಾರಂತಲ್ಲ," ಅಂದರು.
"ಎಂಟು ಗಂಟೆ ಸಾಲಿನಲ್ಲಿ ನಿಲ್ಲಿಸುತ್ತಾರಂತೆ.
ಹಣೆಗೆ ಹಿಡಿಯುವ ಆ ಬಂದೂಕು ಜ್ವರ ಓದುತ್ತದೆ,
ನೋವು ಓದುವುದಿಲ್ಲ.
ಕಾಲು ಗಟ್ಟಿ ನಿಂತರೆ ಸಾಕು,
ಮುಖ ಹೇಗೂ ಅರ್ಧ ನೀನು ಹೊಲಿದದ್ದರೊಳಗೆ."

ಬೈದೆ. ತುಳುವಿನಲ್ಲಿ ಬೈದೆ, ಇಬ್ಬರಿಗೂ ತಾಗುವ ಭಾಷೆ.

ಇವತ್ತು ಫೋನು ನಾನೇ ಎತ್ತಿದೆ.
ಹತ್ತರಲ್ಲಿ ಎಷ್ಟು?
ಯಂತ್ರದ ಮೇಲೆ ಅಳತೆ ಟೇಪು ಸುತ್ತಿ ಬಿದ್ದಿತ್ತು.
ಎದೆ, ಸೊಂಟ, ತೋಳು,
ಎಷ್ಟೋ ಮೈಗಳನ್ನು ಅಳೆದವನು ನಾನು,
ಹೊರಗಿನಿಂದ.
ಎಂಟು, ಅಂದೆ.
ಮಂಚದಿಂದ ಕೆಂಪು ಕಣ್ಣು: "ಬೆಲೆ ಏರಿಸಿದೆಯಲ್ಲೋ!"

ಸಂಜೆ, ನಡೆಯಲು ಬಿಡುವ ಹೊತ್ತಿಗೆ,
ಬೇಲಿಯಾಚೆ ಹೆಲ್ಮೆಟ್ಟಿನ ಹುಡುಗ.
ಪೊಲೀಸ ಚೀಟಿ ಓದಿದ, ಮತ್ತೊಮ್ಮೆ ಓದಿದ,
ನನ್ನ ಮುಖ ನೋಡಿದ,
ಕಾಗದದ ಚೀಲವನ್ನು ತಾನೇ ತಂತಿಯ ಮೇಲಿಂದ ದಾಟಿಸಿದ.

ರಾತ್ರಿ, ನಿದ್ದೆ ಬರಲಿ ಎಂದು ಯಂತ್ರ ನಿಲ್ಲಿಸಿದೆ.
"ನಿಲ್ಲಿಸಬೇಡ," ಅಂದರು,
"ಸದ್ದಿದ್ದರೆ ಅಂಗಡಿ ತೆರೆದ ಹಾಗೆ."
ಹನ್ನೊಂದನೇ ಡಜನಿನ ನಡುವೆ ಗೊರಕೆ ಶುರುವಾಯಿತು,
ಆರು ಮಂಚದವರೂ ವರ್ಷಗಟ್ಟಲೆ ಶಪಿಸಿದ ಅದೇ ಗೊರಕೆ.
ಕಾಲು ಪೆಡಲಿನ ಮೇಲೆ,
ಕಿವಿ ಅಲ್ಲಿ,
ಎಣಿಸುತ್ತ ಹೊಲಿದೆ.