ಪಾಯ

ಕಾರಟಗಿ ಕಾಲುವೆಯ ದಂಡೆ; ಆರಡಿ ಅಗೆದರೂ ಎರೆ,
ಸಲಿಕೆಗೆ ಮೆತ್ತಿದರೆ ಬಿಡಲೊಲ್ಲದ ಎರೆ.
ಗೌಂಡಿ ದಾವಲಸಾಬ ಒಂದು ಹಿಡಿ ಹಿಸುಕಿದ,
ಬೆರಳ ಸಂದಿಯಲ್ಲಿ ನುಣುಚಿ ಬಂತು ಕರಿಬೆಣ್ಣೆ.
“ಬ್ಯಾಸಿಗ್ಯಾಗ ಬಾಯಿ ಬಿಡತೈತ್ರಿ, ಸಾಹೇಬ್ರ,
ನೀರು ಬಿಟ್ಟರ ಹೊಟ್ಟಿ ಉಬ್ಬಸತೈತಿ.
ಇದರ ಮ್ಯಾಲ ಗ್ವಾಡಿ?”

ಹಾಳೆಯಲ್ಲಿ ಪಾಯದಗಲ ಒಂದೂವರೆ ಮೀಟರು.
ಅಳಿಸಿದೆ. ಬರೆದೆ: ಎರಡೂ ಮುಕ್ಕಾಲು.
ಹಿಮ್ಮಡಿ ಒಳಕ್ಕೆ ಚಾಚಿರಲಿ,
ದೂಡುವ ಮಣ್ಣೇ ಅದರ ಮೇಲೆ ಕೂತು
ಗೋಡೆಯನ್ನು ಹಿಡಿದುಕೊಳ್ಳಲಿ.
ಅಡಿಗೆ ಗರಸು, ಗುದ್ದಿ ಗುದ್ದಿ.
ಮೈಗೆ ಮಾರಿಗೊಂದು ತೂತು.

“ಇಷ್ಟು ಗಟ್ಟಿ ಕಟ್ಟಿ, ತೂತ್ಯಾಕ್ರಿ?”
“ಒಳಗಿನ ನೀರಿಗೆ.”

ಬೀಡಿ ಕಿವಿಗೆ ಸಿಕ್ಕಿಸಿ ಬಗ್ಗಿದ.
ಮುಕ್ಕಾಲಿನ ಮೇಲೆ ಎರೆ ಹತ್ತಿದ ಹೆಬ್ಬೆಟ್ಟೂರಿ
“ನಿಂತರ ನಿಂತೀತು” ಅಂದ.

ಆ ಗುರುತನ್ನು ನಾನು ಅಳಿಸಲಿಲ್ಲ.